ಅಭ್ಯಾಸ ಅಂದರೇನು ಅಂತ ಮಗುವಿಗೆ ಹೇಳುವುದು ಹೇಗೆ: ಒಂದು ಬುಗುರಿ, ಒಂದು ಚಾಟಿ, ಮೂರು ವಾರ

"ಉಗುರು ಕಚ್ಚೋ ಅಭ್ಯಾಸ ಬಿಡು ಅಂತೀಯ. ದಿನಾ ಅಭ್ಯಾಸ ಮಾಡು ಅಂತಾನೂ ಅಂತೀಯ. ಯಾವುದು ಮಾಡ್ಲಿ?"

ನನ್ನ ಆರು ವರ್ಷದ ಮಗಳು ಇದನ್ನು ಕೇಳಿದಾಗ ಒಲೆ ಮೇಲೆ ಒಗ್ಗರಣೆ ಸೀಯುತ್ತಿತ್ತು. "ಮೊದಲು ಹೋಗಿ ಬರಿ" ಅಂದುಬಿಟ್ಟೆ. ರಾತ್ರಿ ಯೋಚಿಸಿದರೆ, ಅವಳು ಕೈ ಹಾಕಿದ್ದು ಸರಿಯಾದ ಜಾಗಕ್ಕೇ. ಉಗುರು ಕಚ್ಚುವ ಚಟಕ್ಕೂ ಸಂಗೀತದ ಸಾಧನೆಗೂ ನಾವು ಬಳಸುವುದು ಒಂದೇ ಮಾತು, ಅಭ್ಯಾಸ. ಎರಡೂ ಮೈಗೆ ಹತ್ತುವ ರೀತಿಯೂ ಒಂದೇ. ಮಾವನವರನ್ನು ಕೇಳಿದೆ. "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತ ಗಾದೆ ಇಲ್ವೇನಮ್ಮಾ, ಅದರಲ್ಲೇ ಎರಡೂ ಇದೆ" ಅಂದರು.

ಹಾಗಾದರೆ ಮಕ್ಕಳಿಗೆ ಬರೀ "ಅಭ್ಯಾಸ ಮಾಡು" ಅಂದರೆ ಸಾಲದು. ನನಗೆ ಹೊಳೆದ ಇನ್ನೊಂದು ಮಾತು ತಿದ್ದುವುದು. ಸ್ಲೇಟಿನ ಮೇಲೆ ದೊಡ್ಡದಾಗಿ ಅ ಬರೆದುಕೊಟ್ಟು "ತಿದ್ದು" ಅನ್ನುತ್ತಿದ್ದರಲ್ಲ, ಅದು. ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಬಳಪ ಓಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಮಾಡುವುದೂ ತಿದ್ದುವುದೇ. ಮಗುವಿಗೆ ನಾವು ತಿಳಿಸಬೇಕಾದ ವಿಷಯ ಪೂರ್ತಿ ಆ ಒಂದು ಕ್ರಿಯಾಪದದಲ್ಲಿದೆ. ಆದರೆ ಬಾಯಲ್ಲಿ ಹೇಳಿದರೆ ಇಳಿಯುವುದಿಲ್ಲ, ಮಾಡಿಸಿ ತೋರಿಸಬೇಕು. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಅದನ್ನು ಹೇಗೆ ತೋರಿಸಬಹುದು ಅನ್ನುವುದನ್ನು ನಮ್ಮ ಮನೆಯ ಬುಗುರಿಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

1. ಕಲಿಯಲು ಏನನ್ನು ಆರಿಸಬೇಕು

ಹೋಂವರ್ಕ್, ಮಗ್ಗಿ, ಕೈಬರಹ ಬೇಡ. ಅವುಗಳ ಜೊತೆ ಆಗಲೇ ಬೈಗುಳ ಸೇರಿಕೊಂಡಿರುತ್ತದೆ. ಮಗುವೇ ಆಸೆಪಟ್ಟದ್ದು, ಎರಡು ಮೂರು ವಾರದಲ್ಲಿ ಕೈಗೆ ಹತ್ತುವಂಥದ್ದು, ಬಂತೋ ಇಲ್ಲವೋ ಎಂದು ಮಗುವಿಗೇ ಕಾಣುವಂಥದ್ದು ಬೇಕು. ಚಿಟಿಕೆ ಹೊಡೆಯುವುದು, ಶೂ ಲೇಸ್ ಕಟ್ಟುವುದು, ಸ್ಕಿಪ್ಪಿಂಗ್, ಹೂ ಕಟ್ಟುವುದು, ಚುಕ್ಕಿ ರಂಗೋಲಿ, ಚಪಾತಿ ಲಟ್ಟಿಸುವುದು, ಯಾವುದಾದರೂ ಆದೀತು. ಸೈಕಲ್ ಕೂಡ ಒಳ್ಳೆಯದೇ, ಆದರೆ ಬೀಳುವ ಭಯ ಜೊತೆಗಿರುವುದರಿಂದ ಮೊದಲ ಪಾಠಕ್ಕೆ ನಾನು ಅದನ್ನು ಆರಿಸುವುದಿಲ್ಲ.

ನಮ್ಮಲ್ಲಿ ಶುರುವಾದದ್ದು ಚನ್ನಪಟ್ಟಣದಲ್ಲಿ. ಬೆಂಗಳೂರಿಂದ ಮೈಸೂರಿಗೆ ವಾಪಸ್ ಬರುವಾಗ ಅರಗಿನ ಬಣ್ಣದ ಪುಟ್ಟ ಬುಗುರಿ ಕೊಂಡಳು, ಬೆರಳಲ್ಲಿ ಹೊಸಕಿ ತಿರುಗಿಸುವಂಥದ್ದು. ಕಾರು ಮದ್ದೂರು ತಲುಪುವುದರೊಳಗೆ ಕಲಿತೂ ಬಿಟ್ಟಳು. ಮನೆಯಲ್ಲಿ ತಾತ ನೋಡಿ "ಇದೂ ಒಂದು ಬುಗುರಿನಾ? ಮೊಳೆ ಇರ್ಬೇಕು, ಚಾಟಿ ಇರ್ಬೇಕು" ಅಂತ ಕೆಣಕಿದರು. ಮುಂದಿನ ಜಾತ್ರೆಯಲ್ಲಿ ಮೊಳೆಯ ಬುಗುರಿ ಬಂತು.

ಸಾಧ್ಯವಾದರೆ ನಿಮಗೂ ಬರದೇ ಇರುವುದನ್ನೇ ಆರಿಸಿ. ನಾನು ಚಿಕ್ಕವಳಿದ್ದಾಗ ಬುಗುರಿ ಗಂಡುಹುಡುಗರ ಆಟ, ನಮಗೆ ಕುಂಟೆಬಿಲ್ಲೆ. ಹಾಗಾಗಿ ಮೂವತ್ತಾರನೇ ವಯಸ್ಸಿಗೆ ನಾನೂ ಮಗಳ ಜೊತೆ ಅಂಗಳಕ್ಕಿಳಿದೆ. ದೊಡ್ಡವರಿಗೂ ಬರುವುದಿಲ್ಲ, ದೊಡ್ಡವರೂ ತಪ್ಪು ಮಾಡುತ್ತಾರೆ, ತಪ್ಪು ಮಾಡಿ ನಕ್ಕು ಮತ್ತೆ ಎತ್ತಿಕೊಳ್ಳುತ್ತಾರೆ ಅನ್ನುವುದನ್ನು ಅವಳು ಕಣ್ಣಾರೆ ಕಂಡಳು. ಮನೆಯಲ್ಲಿ ಮಕ್ಕಳು ನಮ್ಮನ್ನು ನೋಡುವುದು ನಮಗೆ ಆಗಲೇ ಬಂದಿರುವ ಕೆಲಸಗಳಲ್ಲಿ ಮಾತ್ರ. ದೋಸೆ ಹುಯ್ಯುವ ಅಮ್ಮ, ಗಾಡಿ ಓಡಿಸುವ ಅಪ್ಪ. ನಾವು ಹುಟ್ಟುತ್ತಲೇ ಹೀಗಿದ್ದೆವು ಅಂತ ಅವರು ನಂಬಿದರೆ ಆಶ್ಚರ್ಯವೇನಿಲ್ಲ.

2. ಆಗಲೇ ಕಲಿತದ್ದನ್ನು ನೆನಪಿಸಿ

ಹೊಸದಕ್ಕೆ ಕೈ ಹಾಕುವ ಹಿಂದಿನ ದಿನ ಮಗು ನಡೆಯಲು ಕಲಿತಾಗಿನ ವಿಡಿಯೊ ತೆಗೆಯಿರಿ. ನಾವು ನಾಲ್ಕು ಹೆಜ್ಜೆಗೆ ದೊಪ್ಪನೆ ಕೂರುವ ಒಂದು ವಿಡಿಯೊ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಕೇಳಿದೆ, "ನೀನು ಎಷ್ಟು ಸಲ ಬಿದ್ದಿರಬಹುದು?" "ಹತ್ತು" ಅಂದಳು.

ಇದಕ್ಕೆ ನಿಜವಾದ ಲೆಕ್ಕವೇ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ತಮ್ಮ ಪಾಡಿಗೆ ಆಡುವುದನ್ನು ಎಣಿಸಿ 2012ರಲ್ಲಿ ಪ್ರಕಟಿಸಿದರು. ಸರಾಸರಿ ಗಂಟೆಗೆ 2,368 ಹೆಜ್ಜೆ, 17 ಸಲ ಬೀಳುವುದು. ಒಂದು ಗಂಟೆಗೆ! ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. "ಆಗ ನೀನು ನಂಗೆ ನಡೆಯೋಕೆ ಬರಲ್ಲ ಅಂತ ಅಳ್ತಾ ಕೂತಿದ್ಯಾ?" ಅಂದೆ. ಇಲ್ಲ ಅಂತ ತಲೆಯಾಡಿಸಿದಳು.

ನಾಲ್ಕು ವರ್ಷದವರಿಗೆ ಸಂಖ್ಯೆ ಅರ್ಥವಾಗದು. ಎದ್ದು ನಿಂತು "ಬಿದ್ದೆ, ಎದ್ದೆ" ಅಂತ ಹದಿನೇಳು ಸಲ ಆಡಿ ತೋರಿಸಿ. ನಿಮಗೆ ಸುಸ್ತಾಗುತ್ತದೆ, ಅವರಿಗೆ ವಿಷಯ ಗೊತ್ತಾಗುತ್ತದೆ.

3. ಮೊದಲ ದಿನವನ್ನು ಎತ್ತಿಡಿ

ಇದೊಂದನ್ನು ಮಾತ್ರ ಮರೆಯಬೇಡಿ. ಮೊದಲ ದಿನದ ಸೊಟ್ಟ ರಂಗೋಲಿಯ ಫೋಟೊ, ಭಾರತದ ನಕ್ಷೆಯಂತಾದ ಚಪಾತಿಯ ಫೋಟೊ, ಬುಗುರಿ ಸತ್ತಂತೆ ಬೀಳುವ ಅರ್ಧ ನಿಮಿಷದ ವಿಡಿಯೊ. ತೆಗೆದು ಸುಮ್ಮನೆ ಇಟ್ಟುಕೊಳ್ಳಿ. ಮಕ್ಕಳಿಗೆ ನಿನ್ನೆ ತಮಗೆ ಬರುತ್ತಿರಲಿಲ್ಲ ಅನ್ನುವುದು ನೆನಪಿರುವುದಿಲ್ಲ, ಇವತ್ತು ಬರುತ್ತಿಲ್ಲ ಅನ್ನುವುದಷ್ಟೇ ಕಾಣುತ್ತದೆ. ಮುಂದೆ ಒಂದು ದಿನ ಅಳು ಬಂದಾಗ ನಿಮ್ಮ ಯಾವ ಉಪದೇಶಕ್ಕಿಂತಲೂ ಈ ವಿಡಿಯೊ ಕೆಲಸಕ್ಕೆ ಬರುತ್ತದೆ.

4. ತಲೆಯೊಳಗಿನ ಕಾಲುದಾರಿ

ಈಗ "ಯಾಕೆ" ಅನ್ನುವುದರ ಸರದಿ. ನಾನು ಹೇಳಿದ ಕಥೆ ಹೀಗಿತ್ತು.

"ನಮ್ಮ ಮನೆ ಹಿಂದಿನ ಖಾಲಿ ಸೈಟಲ್ಲಿ ಮಳೆಗಾಲದಲ್ಲಿ ಸೊಂಟದುದ್ದ ಹುಲ್ಲು ಬೆಳೆಯುತ್ತಲ್ಲ? ಹಾಲಿನ ಅಂಗಡಿಗೆ ಹೋಗೋರು ಅದರ ಮಧ್ಯೆ ನಡೀತಾರೆ. ಮೊದಲನೇ ದಿನ ದಾರಿ ಇರಲ್ಲ, ಹುಲ್ಲು ಚುಚ್ಚುತ್ತೆ. ದಿನಾ ನಡೆದ್ರೆ?"

"ದಾರಿ ಆಗುತ್ತೆ."

"ನಿನ್ನ ತಲೇಲೂ ಹಾಗೇನೇ. ಕೈಗೆ ಏನು ಮಾಡ್ಬೇಕು ಅಂತ ಮಿದುಳು ಸುದ್ದಿ ಕಳಿಸುತ್ತೆ. ಹೊಸ ಕೆಲಸ ಆದ್ರೆ ದಾರಿ ಇರಲ್ಲ. ಮಾಡ್ತಾ ಮಾಡ್ತಾ ದಾರಿ ಬೀಳುತ್ತೆ, ಆಮೇಲೆ ಸುದ್ದಿ ಓಡ್ಕೊಂಡು ಹೋಗುತ್ತೆ."

ಇದು ಬರೀ ಕಟ್ಟುಕಥೆಯಲ್ಲ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದಾಗ ಅದಕ್ಕೆ ಸೇರಿದ ನರಕೋಶಗಳ ನಡುವಿನ ಸಂಪರ್ಕ ಬಲವಾಗುತ್ತದೆ. ನರತಂತುಗಳ ಸುತ್ತ ಇರುವ ಮಯಲಿನ್ ಎಂಬ ಕೊಬ್ಬಿನ ಪೊರೆ ಸುದ್ದಿಯ ವೇಗ ಹೆಚ್ಚಿಸುತ್ತದೆ, ಕಲಿಕೆಯೊಂದಿಗೆ ಆ ಪೊರೆಯೂ ಬದಲಾಗುತ್ತದೆ. ಏಳೆಂಟು ವರ್ಷದವರಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಕವರ್ ತೋರಿಸಿ ಇಷ್ಟನ್ನು ಹೇಳಬಹುದು. ಅದಕ್ಕಿಂತ ಚಿಕ್ಕವರಿಗೆ ಕಾಲುದಾರಿ ಸಾಕು.

ಕಥೆಯ ಉಳಿದರ್ಧ ಬಿಡಬೇಡಿ. ತಪ್ಪು ಕಡೆಗೆ ದಿನಾ ನಡೆದರೂ ದಾರಿ ಬೀಳುತ್ತದೆ. ಉಗುರು ಕಚ್ಚುವುದು ಅಂಥ ದಾರಿ. ಅವಳ ಪ್ರಶ್ನೆಗೆ ಉತ್ತರ ಕೊನೆಗೂ ಸಿಕ್ಕಿತು, ಒಂದು ವಾರ ತಡವಾಗಿ.

5. ಮುಳ್ಳು ಎಲ್ಲಿದೆ ಅಂತ ಹುಡುಕಿಸಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. "ಕಾಲಿಗೆ ಮುಳ್ಳು ಚುಚ್ಚಿದ್ರೆ ಇಡೀ ಕಾಲು ಉಜ್ತೀವಾ? ಎಲ್ಲಿ ಚುಚ್ಚಿದೆ ಅಂತ ಹುಡುಕಿ ಅಷ್ಟನ್ನೇ ಪಿನ್ನಿಂದ ತೆಗೀತೀವಿ." ಯಾವ ವಿದ್ಯೆಯಲ್ಲೂ ಬರದೇ ಇರುವುದು ಇಡೀ ವಿದ್ಯೆಯಲ್ಲ, ಅದರೊಳಗಿನ ಒಂದು ಸಣ್ಣ ತುಣುಕು.

ಬುಗುರಿಯನ್ನು ತಾತ ನಾಲ್ಕು ತುಣುಕು ಮಾಡಿದರು. ಸುತ್ತುವುದು, ಹಿಡಿಯುವುದು, ಬೀಸುವುದು, ಸೆಳೆಯುವುದು. ಚಾಟಿಯ ತುದಿಯನ್ನು ಮೊಳೆಯ ಬುಡಕ್ಕೆ ಒತ್ತಿ ಹಿಡಿದು ಅಲ್ಲಿಂದ ಮೇಲಕ್ಕೆ ಒಂದರ ಪಕ್ಕ ಒಂದು ಸುತ್ತು ಬಿಗಿಯಾಗಿ ಬರಬೇಕು. ಸಡಿಲವಾದರೆ ಚಾಟಿ ಜಾರುತ್ತದೆ, ಒಂದರ ಮೇಲೊಂದು ಹತ್ತಿದರೆ ಬಿಚ್ಚುವಾಗ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯ ಕುಣಿಕೆ ಬೆರಳಿಗೆ. ಕೈ ಮುಂದಕ್ಕೆ ಬೀಸಬೇಕು, ಬುಗುರಿ ಕೈ ಬಿಟ್ಟ ಮೇಲೆ ಚಾಟಿಯನ್ನು ಹಿಂದಕ್ಕೆ ಸೆಳೆಯಬೇಕು. ಹೇಳಲು ಎರಡು ಸಾಲು.

ಮೊದಲ ದಿನ ಇಪ್ಪತ್ತು ಸಲ ಬಿಟ್ಟರೂ ಒಂದೂ ತಿರುಗಲಿಲ್ಲ. ಬುಗುರಿ ಕಲ್ಲಿನಂತೆ ನೆಲಕ್ಕೆ ಬಿದ್ದು ಉರುಳಿ ತುಳಸಿಕಟ್ಟೆಯ ಹಿಂದೆ ಹೋಗುತ್ತಿತ್ತು. "ಮುಳ್ಳು ಎಲ್ಲಿ?" ಅಂತ ಕೇಳಿದರೆ "ಎಲ್ಲಾ ಕಡೆ" ಅಂದಳು. ಈ ಉತ್ತರ ಬಂದರೆ ಹೆದರಬೇಡಿ, ಶುರುವಿನಲ್ಲಿ ಎಲ್ಲ ಮಕ್ಕಳೂ ಹೇಳುವುದು ಇದನ್ನೇ. ಆಗ ಒಂದೊಂದೇ ತುಣುಕನ್ನು ಬೇರೆ ಮಾಡಿ ಮಾಡಿಸಬೇಕು. ಮೂರು ದಿನ ಬುಗುರಿ ಬಿಡುವುದೇ ನಿಂತಿತು. ಚಾಪೆ ಮೇಲೆ ಕೂತು ಸುತ್ತುವುದು, ಬಿಚ್ಚುವುದು, ಸುತ್ತುವುದು. ಸುತ್ತಿದ ಮೇಲೆ ತಾತ ಚಾಟಿಯನ್ನು ಹೆಬ್ಬೆರಳಿನಿಂದ ತಳ್ಳಿ ನೋಡುವರು. ಅಲುಗಾಡಿದರೆ ಮತ್ತೆ. ನಾಲ್ಕನೇ ದಿನಕ್ಕೆ ಅವಳು ಟಿವಿ ನೋಡುತ್ತಲೇ ಬಿಗಿಯಾಗಿ ಸುತ್ತುತ್ತಿದ್ದಳು. ಕಾಲುದಾರಿ ಬಿದ್ದದ್ದಕ್ಕೆ ಗುರುತು ಅದೇ, ಬೇರೆ ಕಡೆ ಗಮನವಿದ್ದರೂ ಕೈ ತನ್ನ ಕೆಲಸ ಮಾಡುತ್ತದೆ. ಇದನ್ನು ಅವಳಿಗೆ ತೋರಿಸಿ ಹೇಳಿದೆ: "ನೋಡು, ಈಗ ಯೋಚನೆ ಮಾಡ್ದೇ ಸುತ್ತಿದೆ."

ಆಮೇಲೆ ಬೀಸಿ ಸೆಳೆಯುವುದು. ಬರಿಗೈಯಲ್ಲಿ, "ಬೀಸು, ಸೆಳಿ" ಅಂತ ಎರಡು ಚಪ್ಪಾಳೆಯ ಲೆಕ್ಕಕ್ಕೆ. ಬಳಿಕ ಹಾಸಿಗೆಯ ಮೇಲೆ ನಿಜವಾದ ಬುಗುರಿ. ಅಲ್ಲಿ ಅದು ತಿರುಗುವುದಿಲ್ಲ, ನಿಜ, ಆದರೆ ಚಾಟಿ ಪೂರ್ತಿ ಬಿಚ್ಚಿತೋ ಇಲ್ಲವೋ ಗೊತ್ತಾಗುತ್ತದೆ. ಎಂಟನೇ ದಿನ ಅವಳೇ ಬಂದು ಹೇಳಿದಳು, "ಅಮ್ಮ, ಮುಳ್ಳು ಸಿಕ್ತು. ನಾನು ಬುಗುರಿ ಕೈಲಿದ್ದಾಗ್ಲೇ ಸೆಳೀತಿದೀನಿ." ಬುಗುರಿ ತಿರುಗುವುದಕ್ಕಿಂತ ಆ ಮಾತೇ ನನಗೆ ದೊಡ್ಡದಾಗಿ ಕಂಡಿತು. ತನ್ನ ತಪ್ಪನ್ನು ತಾನೇ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟಿದ್ದಳು. ಹತ್ತನೇ ದಿನ ಸಂಜೆ ಬುಗುರಿ ಗುಯ್ ಅಂತ ನಿಂತು ತಿರುಗಿತು. ತಾತ ಅದನ್ನು ಅಂಗೈ ಮೇಲೆ ಎತ್ತಿಕೊಂಡು ಅವಳ ಅಂಗೈಗೆ ದಾಟಿಸಿದರು.

(ಮೊಳೆಯ ಬುಗುರಿ ಬಿಡುವಾಗ ಎದುರಿಗೆ ಯಾರೂ ನಿಲ್ಲಬಾರದು, ಬರಿಗಾಲು ಬೇಡ. ಇನ್ನೊಬ್ಬರ ಬುಗುರಿಗೆ ಗುನ್ನ ಹೊಡೆಯುವ ಪಂದ್ಯವನ್ನು ತಾತ ವರ್ಣರಂಜಿತವಾಗಿ ಹೇಳಿಕೊಟ್ಟಿದ್ದಾರೆ, ನಾನು ಸದ್ಯಕ್ಕೆ ತಡೆದಿದ್ದೇನೆ.)

ಇಲ್ಲಿ ನನ್ನದೇ ಒಂದು ಸೋಲು. ಚಿಕ್ಕಂದಿನಲ್ಲಿ ಎರಡು ವರ್ಷ ಸಂಗೀತ ಕಲಿತು ಬಿಟ್ಟೆ. ಜಂಟಿ ವರಸೆಯಲ್ಲಿ, ಅಂದರೆ ಸ್ವರಗಳನ್ನು ಜೋಡಿ ಜೋಡಿಯಾಗಿ ಹಾಡುವ ಆರಂಭದ ಪಾಠದಲ್ಲಿ, ಒಂದು ಜಾಗ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಮೊದಲಿಂದ ಶುರು ಮಾಡುತ್ತಿದ್ದೆ. ಸರಿಯಿದ್ದ ಭಾಗ ಸಾವಿರ ಸಲ ಹಾಡಿದ್ದಾಯಿತು, ಮುಳ್ಳು ಮಾತ್ರ ಹಾಗೇ ಉಳಿಯಿತು. ಮಕ್ಕಳು ತಪ್ಪಿದ ಕೂಡಲೇ ಆರಂಭಕ್ಕೆ ಓಡುವುದನ್ನು ಕಂಡರೆ ತಡೆಯಿರಿ. "ಅಲ್ಲಿಂದ್ಲೇ, ಅಷ್ಟೇ ಮಾಡು" ಅನ್ನಿ.

6. ನಿಧಾನ ಮೊದಲು

ಮಕ್ಕಳ ಕಣ್ಣಿಗೆ ಬೇಗ ಮಾಡುವವನೇ ಜಾಣ. ಇದಕ್ಕೆ ನಮ್ಮಲ್ಲೇ ಮದ್ದಿದೆ. ಕರ್ನಾಟಕ ಸಂಗೀತದಲ್ಲಿ ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಸರಳೆ ವರಸೆ ಎಂಬ ಮೊದಲ ಸ್ವರಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಹಾಡಿಸುತ್ತಾರೆ. ಮೊದಲ ಕಾಲದಲ್ಲಿ ತಾಳದ ಒಂದು ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೊದಲ ಕಾಲ ಸರಿಯಾಗದೆ ಮೂರನೆಯದಕ್ಕೆ ಹೋದರೆ ಸ್ವರಗಳೆಲ್ಲ ಕಲಸಿ ಚಿತ್ರಾನ್ನ.

ಸಂಗೀತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಮಗುವಿನ ಕೈಯಲ್ಲಿ ಏನಿದೆಯೋ ಅದನ್ನೇ ಆಮೆ, ಹಸು, ಜಿಂಕೆ ಅಂತ ಮೂರು ವೇಗದಲ್ಲಿ ಮಾಡಿಸಿ. ಹೂ ಕಟ್ಟುವ ಗಂಟನ್ನು ಆಮೆಯ ಹಾಗೆ ಹಾಕುವಾಗ ದಾರ ಎಲ್ಲಿ ಸುತ್ತುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಜಿಂಕೆಗೆ ಹೋದಾಗ ತಪ್ಪಿದರೆ ಮತ್ತೆ ಹಸು.

7. ಎಷ್ಟು ಹೊತ್ತು

ದಿನಕ್ಕೆ ಹತ್ತು ನಿಮಿಷ. ಭಾನುವಾರ ಎರಡು ಗಂಟೆ ಕೂರಿಸಿ ವಾರವಿಡೀ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಬಿಡುವು ಕೊಟ್ಟು ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಮಗು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ, ನಾಳೆ ಅದಾಗಿಯೇ ಬರುತ್ತದೆ.

ನಿದ್ದೆಯ ವಿಷಯವನ್ನೂ ಹೇಳಿ. ಕಲಿತದ್ದು ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ನಾನು ಕೊಟ್ಟ ಹೋಲಿಕೆ ದೋಸೆ ಹಿಟ್ಟಿನದು. ರುಬ್ಬಿದ ಕೂಡಲೇ ಹುಯ್ದರೆ ಬರುತ್ತದೆಯೇ? ರಾತ್ರಿಯಿಡೀ ಮುಚ್ಚಿಡಬೇಕು, ನಾವು ಮಲಗಿದ್ದಾಗ ಅದು ಉಬ್ಬುತ್ತದೆ. ಇದರಿಂದ ಒಂದು ತೊಂದರೆಯೂ ಆಯಿತು. "ನಾನು ಉಬ್ಬಬೇಕು" ಅಂತ ಹೇಳಿ ಬೆಳಿಗ್ಗೆ ಏಳಲು ಒಪ್ಪುತ್ತಿರಲಿಲ್ಲ.

8. ನಮ್ಮ ಬಾಯಿಂದ ಬರುವ ಮಾತು

"ಜಾಣೆ ಕಣೇ ನೀನು" ಅನ್ನುವುದು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮನಶ್ಶಾಸ್ತ್ರದ ಸಂಶೋಧಕರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಸುಲಭದ ಒಗಟು ಕೊಟ್ಟು, ಕೆಲವರನ್ನು ಬುದ್ಧಿವಂತರೆಂದು, ಕೆಲವರನ್ನು ಚೆನ್ನಾಗಿ ಶ್ರಮಪಟ್ಟಿರೆಂದು ಹೊಗಳಿದರು. ಆಮೇಲೆ ಕಷ್ಟದ ಒಗಟಿನಲ್ಲಿ ಎಡವಿದಾಗ ಬುದ್ಧಿವಂತರೆನಿಸಿಕೊಂಡವರೇ ಬೇಗ ಕೈಚೆಲ್ಲಿದರು. ಶ್ರಮಪಟ್ಟರೆ ಬುದ್ಧಿಯೂ ಬೆಳೆಯುತ್ತದೆ ಅನ್ನುವ ಮನೋಭಾವವನ್ನು ಶಾಲೆಗಳಲ್ಲಿ ಕಲಿಸಿ ನೋಡಿದ ನಂತರದ ಅಧ್ಯಯನಗಳಲ್ಲಿ ಅಂಕಗಳ ಮೇಲಿನ ಪರಿಣಾಮ ಸಣ್ಣದಾಗಿಯೇ ಕಂಡಿದೆ. ಹಾಗಾಗಿ ಇದನ್ನು ಮಂತ್ರ ಅಂದುಕೊಳ್ಳಬೇಡಿ. ಆದರೂ ಮನೆಯ ಮಟ್ಟಿಗೆ ನಾನು ಒಪ್ಪುತ್ತೇನೆ. ಜಾಣೆ ಅನ್ನಿಸಿಕೊಂಡವಳಿಗೆ ಮುಂದೆ ಏನು ಮಾಡಬೇಕೆಂಬ ಸುಳಿವು ಅದರಲ್ಲಿಲ್ಲ. "ಇವತ್ತು ಸುತ್ತು ಬಿಗಿಯಾಗಿ ಕೂತಿತ್ತು" ಅನ್ನಿ. ಕಣ್ಣಿಗೆ ಕಂಡದ್ದನ್ನು ಹೇಳಿದರೆ ಸಾಕು, ಹೊಗಳಿಕೆ ತಾನಾಗಿ ಅದರೊಳಗೆ ಸೇರಿರುತ್ತದೆ.

"ನಂಗೆ ಬರಲ್ಲ" ಅಂದಾಗ "ಬರುತ್ತೆ, ಬರುತ್ತೆ" ಅಂತ ಸಮಾಧಾನ ಹೇಳುವುದೂ ಅಷ್ಟೇನೂ ಉಪಯೋಗವಿಲ್ಲ. "ಯಾವುದು ಬರಲ್ಲ?" ಅಂತ ಕೇಳಿ. ಮತ್ತೆ ಮುಳ್ಳಿಗೇ ಬರುತ್ತೇವೆ.

9. ಮುಂದೆ ಹೋಗದ ದಿನಗಳು

ಹತ್ತನೇ ದಿನ ತಿರುಗಿದ ಬುಗುರಿ ಹನ್ನೊಂದು, ಹನ್ನೆರಡನೇ ದಿನ ಮತ್ತೆ ಸತ್ತು ಬಿತ್ತು. ಹದಿಮೂರನೇ ದಿನ ಚಾಟಿಯನ್ನು ಎಸೆದು ಅತ್ತಳು. ಇದು ಬಂದೇ ಬರುತ್ತದೆ, ಬರುತ್ತದೆಂದು ಮೊದಲೇ ಹೇಳಿಟ್ಟಿರಬೇಕಿತ್ತು. ನಾನು ಹೇಳಿರಲಿಲ್ಲ. ಅಳು ನಿಲ್ಲುವವರೆಗೆ ಏನೂ ವಿವರಿಸಬೇಡಿ. ನಿಂತ ಮೇಲೆ ಮೊದಲ ದಿನದ ವಿಡಿಯೊ ತೋರಿಸಿದೆ. "ಅಯ್ಯೋ, ನಾನು ಚಾಟಿ ಹಿಡ್ಕೊಂಡಿರೋದೇ ತಪ್ಪು!" ಅಂತ ತಾನೇ ನಕ್ಕಳು.

ಅಳು ಮೂರು ನಾಲ್ಕು ದಿನ ಬಿಡದೆ ಬಂದರೆ ಕೆಲಸ ವಯಸ್ಸಿಗೆ ದೊಡ್ಡದಾಗಿದೆ ಅಂತ ಅರ್ಥ. ಮುಲಾಜಿಲ್ಲದೆ ಎತ್ತಿಡಿ, ಆರು ತಿಂಗಳಾದ ಮೇಲೆ ತೆಗೆಯಿರಿ. ನಾಲ್ಕು ವರ್ಷದ ಬೆರಳಿಗೆ ಶೂ ಲೇಸ್ ಬರದಿದ್ದರೆ ಅದು ಅಭ್ಯಾಸದ ಕೊರತೆಯಲ್ಲ.

10. "ಅವನಿಗೆ ಒಂದೇ ದಿನಕ್ಕೆ ಬಂತು"

ಪಕ್ಕದ ಮನೆಯ ಹುಡುಗ ಬಂದು ಮೂರನೇ ಸಲಕ್ಕೇ ಬುಗುರಿ ತಿರುಗಿಸಿಬಿಟ್ಟ. ಅವಳ ಮುಖ ಸಣ್ಣಗಾಯಿತು. ಇಲ್ಲಿ ಸುಳ್ಳು ಹೇಳಬಾರದು. ಕೆಲವರಿಗೆ ಬೇಗ ಬರುತ್ತದೆ, ನಿಜ. ಹತ್ತು ಸಾವಿರ ಗಂಟೆ ಮಾಡಿದರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಅದರ ಮೂಲ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಪ್ರಕಟಿಸಿದ ಅಧ್ಯಯನ. ಅತ್ಯುತ್ತಮರ ಗುಂಪಿನವರು ಇಪ್ಪತ್ತನೇ ವಯಸ್ಸಿನ ಹೊತ್ತಿಗೆ ಸರಾಸರಿ ಅಷ್ಟು ಹೊತ್ತು ನುಡಿಸಿದ್ದರು, ಅಷ್ಟೇ. ಅದು ನಿಯಮವಲ್ಲ ಎಂದು ಎರಿಕ್ಸನ್ನರೇ ಮುಂದೆ ಹೇಳಬೇಕಾಯಿತು. ಅವರು ಒತ್ತಿ ಹೇಳಿದ್ದು ಗಂಟೆಗಳನ್ನಲ್ಲ, ಬರದೇ ಇರುವ ಭಾಗವನ್ನು ಗುರಿಯಿಟ್ಟು ಸರಿಪಡಿಸಿಕೊಳ್ಳುವುದನ್ನು. ನಮ್ಮ ಭಾಷೆಯಲ್ಲಿ ತಿದ್ದುವುದು.

ನಾನು ಮಗಳಿಗೆ ಅಂದದ್ದು: "ಹೌದು, ಅವನಿಗೆ ಬೇಗ ಬಂತು. ಅವನು ಹೋದ ವರ್ಷ ಗೋಲಿಯಲ್ಲಿ, ಲಗೋರಿಯಲ್ಲಿ ಎಷ್ಟು ಕೈ ಬೀಸಿದಾನೋ ನಂಗೆ ಗೊತ್ತಿಲ್ಲ. ನಿನ್ನ ದಾರಿ ಎಷ್ಟು ಬಿದ್ದಿದೆ ಅಂತ ವಿಡಿಯೊದಲ್ಲಿ ನೋಡಿದ್ಯಲ್ಲ." ಪೂರ್ತಿ ಸಮಾಧಾನವೇನೂ ಆಗಲಿಲ್ಲ. ಆಗಬೇಕೂ ಇಲ್ಲ, ಸ್ವಲ್ಪ ಹೊಟ್ಟೆಕಿಚ್ಚಿದ್ದರೆ ಸಂಜೆ ಅಂಗಳಕ್ಕೆ ಬೇಗ ಇಳಿಯುತ್ತಾರೆ.

11. ಕೊನೆಗೆ, ಅವರೇ ಕಲಿಸಲಿ

ಮಗುವಿಗೆ ಎಷ್ಟು ಅರ್ಥವಾಗಿದೆ ಎಂದು ತಿಳಿಯಲು ಪ್ರಶ್ನೆ ಕೇಳಬೇಡಿ. ಯಾರಿಗಾದರೂ ಕಲಿಸಲು ಬಿಡಿ. ತಂಗಿ, ತಮ್ಮ, ಚಿಕ್ಕಪ್ಪನ ಮಗ, ಯಾರೂ ಇಲ್ಲದಿದ್ದರೆ ನೀವು. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ನನ್ನ ಬುಗುರಿ ಇಪ್ಪತ್ತೊಂದನೇ ದಿನಕ್ಕೂ ನಿಂತು ತಿರುಗಿರಲಿಲ್ಲ. ಮಗಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಅಮ್ಮ, ನಿಲ್ಸು. ಮುಳ್ಳು ಎಲ್ಲಿದೆ ಹೇಳು?"

"ಸೆಳೆಯೋದ್ರಲ್ಲಿ ಅನ್ಸುತ್ತೆ."

"ಅಲ್ಲ. ನಿಂದು ಸುತ್ತೋದ್ರಲ್ಲೇ ಇದೆ. ಸಡಿಲ ಇದೆ ನೋಡು." ಹೆಬ್ಬೆರಳಿನಿಂದ ತಳ್ಳಿದಳು, ಚಾಟಿ ಜಾರಿತು. "ಚಾಪೆ ತಗೊಂಡ್ ಬಾ. ಮೂರು ದಿನ ಬರೀ ಸುತ್ತು."